ಲೀಮಾದಿಂದ ಉತ್ತರಕ್ಕೆ, ಬಸ್ಸಿನಲ್ಲಿ ಸ್ಪ್ಯಾನಿಷ್

ಬಸ್ಸು ಹೊರಡುವುದಕ್ಕೆ ಮುಂಚೆ ಒಬ್ಬ ಹುಡುಗ ವಿಡಿಯೊ ಕ್ಯಾಮೆರಾ ಹಿಡಿದು ಒಳಗೆ ಬರುತ್ತಾನೆ. ಮೊದಲ ಸೀಟಿನಿಂದ ಕೊನೆಯ ಸೀಟಿನವರೆಗೆ ಒಬ್ಬೊಬ್ಬರ ಮುಖವನ್ನೂ ಒಂದೆರಡು ಕ್ಷಣ ಚಿತ್ರೀಕರಿಸುತ್ತ ಹೋಗುತ್ತಾನೆ. ಪೆರುವಿನ ದೂರಪ್ರಯಾಣದ ಬಸ್ಸುಗಳಲ್ಲಿ ಇದು ರೂಢಿ. ದಾರಿಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಯಾರು ಯಾರು ಹತ್ತಿದ್ದರು ಎಂಬುದಕ್ಕೆ ದಾಖಲೆ. ನಿಮ್ಮ ಪಕ್ಕದ ಅಜ್ಜಿ ಕ್ಯಾಮೆರಾ ಹತ್ತಿರ ಬಂದದ್ದೇ ತಲೆಗೂದಲು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ. ಹುಡುಗ ಇಳಿದುಹೋದ ಮೇಲೆ ನಿಮ್ಮ ಕಡೆ ತಿರುಗಿ ಕೇಳುತ್ತಾರೆ: "ದೆ ದೊಂದೆ ಎರೆಸ್, ಇಹೊ?" ಯಾವೂರು ಮಗಾ?

"ದೆ ಲಾ ಇಂದಿಯಾ, ಸೆನ್ಯೋರಾ." ಇಷ್ಟು ಹೇಳಲು ಬರುತ್ತದೆ. ಇದಾದ ಮೇಲೆ ಏನು ಹೇಳಬೇಕೆಂದು ಗೊತ್ತಿಲ್ಲ, ಆದರೆ ಮುಂದೆ ಹಗಲಿಡೀ ದಾರಿ ಇದೆ.

ನೀವು ಕೂತಿರುವುದು ಮೇಲಂತಸ್ತಿನ ಎಡಬದಿಯ ಕಿಟಕಿಯಲ್ಲಿ. ಲೀಮಾದಿಂದ ಉತ್ತರಕ್ಕೆ ಹೊರಟವರಿಗೆ ಕಡಲು ಎಡಕ್ಕೆ. ರಸ್ತೆಯ ಹೆಸರು ಪಾನ್‌ಅಮೆರಿಕಾನಾ ನೊರ್ತೆ, ಉತ್ತರದ ಪ್ಯಾನ್ ಅಮೆರಿಕನ್ ಹೆದ್ದಾರಿ. ಟ್ರುಹಿಯೊ ನಗರಕ್ಕೆ ಸುಮಾರು 560 ಕಿಲೋಮೀಟರ್. ಅಲ್ಲಿಂದ ಚಿಕ್ಲಾಯೊ, ಪಿಯೂರಾ, ಮಾಂಕೊರಾ, ತುಂಬೆಸ್. ಅದರಾಚೆ ಎಕ್ವಡಾರ್ ಗಡಿ. ಈ ದಾರಿಯಲ್ಲಿ ಎರಡಂತಸ್ತಿನ ಐಷಾರಾಮಿ ಬಸ್ಸುಗಳು ರಾತ್ರಿ ಹೊರಟು ಎಲ್ಲೂ ನಿಲ್ಲದೆ ಬೆಳಗಾಗುವಷ್ಟರಲ್ಲಿ ತಲುಪಿಸುತ್ತವೆ. ಸೀಟು ಹಾಸಿಗೆಯಷ್ಟು ಹಿಂದಕ್ಕೆ ಬಾಗುತ್ತದೆ, ಎದುರಿನ ಪರದೆಯಲ್ಲಿ ಸಿನಿಮಾ. ಭಾಷೆ ಕಲಿಯಲು ಬಂದವರು ದಯವಿಟ್ಟು ಅದನ್ನು ಹತ್ತಬೇಡಿ. ಹಗಲಿನ ಬಸ್ಸು ಹತ್ತಿ, ಕೈಯೊಡ್ಡಿದಲ್ಲಿ ನಿಲ್ಲುವಂಥದ್ದನ್ನು. ಈ ಕರಾವಳಿಯಲ್ಲಿ ಅದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ.

ಆಗಸ್ಟ್ ತಿಂಗಳು, ಇಲ್ಲಿ ಚಳಿಗಾಲ. ಕತ್ತೆಯ ಹೊಟ್ಟೆಯ ಬಣ್ಣ ಎಂದು ಲೀಮಾದವರೇ ಕರೆಯುವ ಬೂದು ಆಕಾಶ. ಗಾಜಿನ ಮೇಲೆ ಸಣ್ಣಗೆ ತೇವ, ಮಳೆಯಲ್ಲ, ಮಂಜೂ ಅಲ್ಲ; ಗರೂವಾ ಎನ್ನುತ್ತಾರೆ. ಕಡಲು ಪಕ್ಕದಲ್ಲೇ ಇದ್ದೂ ಲೀಮಾದಲ್ಲಿ ವರ್ಷದ ಮಳೆ ಎರಡು ಸೆಂಟಿಮೀಟರ್ ದಾಟುವುದು ಅಪರೂಪ. ದಕ್ಷಿಣದಿಂದ ಬರುವ ಹಂಬೋಲ್ಟ್ ಪ್ರವಾಹ ತಣ್ಣೀರನ್ನು ಹೊತ್ತು ತರುತ್ತದೆ. ಅದರ ಮೇಲಿನ ಗಾಳಿ ತಣ್ಣಗಾಗಿ ಕೆಳಗೇ ಉಳಿಯುತ್ತದೆ, ಮೋಡ ಮೇಲೇರಿ ಸುರಿಯುವುದಿಲ್ಲ. ಕಡಲೆಂದರೆ ತೆಂಗು, ಕಡಲೆಂದರೆ ಜೂನ್ ತಿಂಗಳ ಜಡಿಮಳೆ ಎಂದುಕೊಂಡು ಬೆಳೆದ ನಮ್ಮ ಕರಾವಳಿಯವರಿಗೆ ಇಲ್ಲಿ ಕಣ್ಣು ಒಗ್ಗಲು ಹೊತ್ತು ಬೇಕು. ಎಡಕ್ಕೆ ಅಲೆ, ಬಲಕ್ಕೆ ಮರಳುಗುಡ್ಡ, ಹುಲ್ಲುಕಡ್ಡಿಯೂ ಇಲ್ಲ. ಇದ್ದಕ್ಕಿದ್ದಂತೆ ಒಂದು ನದಿ ಆಂಡೀಸ್‌ನಿಂದ ಇಳಿದು ಬಂದಲ್ಲಿ ಹಸಿರು ಕಣಿವೆ: ಕಬ್ಬು, ಜೋಳ, ಶತಾವರಿ. ಐದು ನಿಮಿಷದಲ್ಲಿ ಅದೂ ಮುಗಿದು ಮತ್ತೆ ಮರಳು.

ಪಸಮಾಯೊ ಬಳಿ ರಸ್ತೆ ಎರಡಾಗುತ್ತದೆ. ಕಡಲ ಕಡೆಯ ದಾರಿ ಬಂಡೆಗೆ ಅಂಟಿಕೊಂಡು ನೀರಿನ ಮೇಲೇ ಬಳುಕುತ್ತ ಹೋಗುತ್ತದೆ. 2018ರ ಜನವರಿಯಲ್ಲಿ ಅಲ್ಲಿಂದ ಬಸ್ಸೊಂದು ಕೆಳಗಿನ ದಂಡೆಗೆ ಉರುಳಿ 50ಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಪ್ರಯಾಣಿಕರ ಬಸ್ಸುಗಳನ್ನು ಮೇಲಿನ ದಾರಿಗೆ ಹಾಕಿದ್ದಾರೆ. ಅಜ್ಜಿ ಆ ಕಡೆ ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಆಮೇಲೆ ನಿಮಗೆ ಧೈರ್ಯ ಹೇಳುವ ದನಿಯಲ್ಲಿ ಎರಡು ಪುಟ್ಟ ವಾಕ್ಯ: "ಎಲ್ ಚೊಫೆರ್ ಎಸ್ ಮಿ ಸೊಬ್ರಿನೊ. ಎಸ್ತಾ ಅಬಾಹೊ." ಡ್ರೈವರ್ ನನ್ನ ತಂಗಿ ಮಗ. ಕೆಳಗಿದ್ದಾನೆ.

ಈ ಎರಡು ವಾಕ್ಯಗಳ ಹತ್ತಿರ ನಿಲ್ಲಲೇಬೇಕು. ಒಂದರಲ್ಲಿ 'ಎಸ್', ಇನ್ನೊಂದರಲ್ಲಿ 'ಎಸ್ತಾ'. ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಸುವ ಪುಸ್ತಕಗಳು ಸೆರ್ ಮತ್ತು ಎಸ್ತಾರ್ ಎಂಬ ಈ ಎರಡು ಕ್ರಿಯಾಪದಗಳಿಗೆ ಪುಟಗಟ್ಟಲೆ ಖರ್ಚು ಮಾಡುತ್ತವೆ. ಇಂಗ್ಲಿಷಿನಲ್ಲಿ ಒಂದೇ ಇರುವ ಕಡೆ ಇಲ್ಲಿ ಎರಡಿವೆಯಲ್ಲ ಎಂದು. ಕನ್ನಡದಿಂದ ನೋಡಿ. 'ಡ್ರೈವರ್ ನನ್ನ ತಂಗಿ ಮಗ' ಎನ್ನುವಾಗ ನಾವು ಕ್ರಿಯಾಪದವನ್ನೇ ಹಾಕುವುದಿಲ್ಲ. 'ಕೆಳಗಿದ್ದಾನೆ' ಎನ್ನುವಾಗ ಹಾಕದೆ ವಿಧಿಯಿಲ್ಲ. ಅವಳು ಟೀಚರ್, ಅವಳು ಶಾಲೆಯಲ್ಲಿದ್ದಾಳೆ. ಇದು ಸೂಪು, ಸೂಪು ತಣ್ಣಗಿದೆ. 'ಇರು' ಬೇಡವಾದಲ್ಲಿ ಸೆರ್, ಬೇಕಾದಲ್ಲಿ ಎಸ್ತಾರ್. ಎಲ್ಲ ಕಡೆಗೂ ಈ ಲೆಕ್ಕ ಹೊಂದುವುದಿಲ್ಲ, ಆದರೆ ಬಸ್ಸಿನಲ್ಲಿ ಬಾಯಿಬಿಡಲು ಧಾರಾಳವಾಗಿ ಸಾಕು.

ಹೀಗೆ ಒಂದು ಸಲ ಕನ್ನಡದ ಬಾಗಿಲಿನಿಂದ ಹೊಕ್ಕರೆ ಒಳಗೆ ಎಷ್ಟೋ ಸಾಮಾನು ನಮ್ಮ ಮನೆಯದ್ದೇ. 'ನಾನು' ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. 'ಬರುತ್ತೇನೆ' ಅಂದರೆ ಯಾರೆಂದು ಗೊತ್ತಾಗುವ ಹಾಗೆ ಅಲ್ಲಿಯೂ ಕ್ರಿಯಾಪದದ ಬಾಲವೇ ಹೇಳಿಬಿಡುತ್ತದೆ. ಹಿರಿಯರಿಗೆ ಉಸ್ತೆದ್, ಸರೀಕರಿಗೆ ತೂ. ಅಜ್ಜಿ ನಿಮಗೆ ತೂ ಅನ್ನುತ್ತಾರೆ, ನೀವು ಅವರಿಗೆ ಉಸ್ತೆದ್ ಅನ್ನುತ್ತೀರಿ, ಯಾರೂ ಕಲಿಸಬೇಕಾಗಿಲ್ಲ. ಅವರು ಬುತ್ತಿ ಬಿಚ್ಚಿ ಕೊಟ್ಟ ಬೇಯಿಸಿದ ಜೋಳ ರುಚಿಯಾಗಿದ್ದರೆ 'ಮೆ ಗುಸ್ತಾ': ನನಗೆ ಇಷ್ಟ. ನಾನು ಅದನ್ನು ಇಷ್ಟಪಡುತ್ತೇನೆ ಎಂಬ ಬಳಸುದಾರಿ ಬೇಡ. ತಲೆನೋವು ಬಂದರೂ ಅಷ್ಟೇ, ನನಗೆ ತಲೆ ನೋಯುತ್ತದೆ, 'ಮೆ ದುಯೆಲೆ ಲಾ ಕಬೇಸಾ'. ತ, ದ ಎರಡೂ ನಮ್ಮ ಹಲ್ಲಿನ ಹಿಂದಿನವೇ. ತೊಡಕು ಇರುವುದು ಒತ್ತಿ ಉರುಳಿಸುವ ರಕಾರದಲ್ಲಿ. 'ಪೆರೊ' ಅಂದರೆ ಆದರೆ. 'ಪೆಱೊ' ಅಂದರೆ ನಾಯಿ. ಹಳಗನ್ನಡದಲ್ಲಿ ಬೇರೆಯದೇ ಅಕ್ಷರವಾಗಿದ್ದು ನಮ್ಮ ನಾಲಿಗೆಯಿಂದ ಜಾರಿಹೋದ ಶಕಟರೇಫವನ್ನು ಪೆರುವಿನ ಬಸ್ಸಿನಲ್ಲಿ ಮತ್ತೆ ರೂಢಿಸಿಕೊಳ್ಳಬೇಕು.

ಒಂದು ಊರಿನ ಹೊರಗೆ ಬಸ್ಸು ನಿಧಾನವಾಗುತ್ತದೆ, ಬಾಗಿಲು ತೆರೆಯುತ್ತದೆ, ಭುಜಕ್ಕೆ ಡಬ್ಬ ನೇತುಹಾಕಿಕೊಂಡ ಯುವಕ ಹತ್ತಿ ನಡುದಾರಿಯಲ್ಲಿ ನಿಲ್ಲುತ್ತಾನೆ. "ಸೆನ್ಯೋರೆಸ್ ಪಸಹೆರೋಸ್, ತೆಂಗನ್ ಉಸ್ತೆದೆಸ್ ಮುಯ್ ಬುಯೆನಸ್ ತಾರ್ದೆಸ್." ಪ್ರಯಾಣಿಕ ಬಂಧುಗಳಿಗೆ ನಮಸ್ಕಾರ ಎಂದು ಶುರುವಾಗಿ, ನಿಮ್ಮ ನೆಮ್ಮದಿಗೆ ಭಂಗ ತಂದಿದ್ದಕ್ಕೆ ಕ್ಷಮೆ ಕೇಳಿ, ತನ್ನ ಸರಕಿನ ಗುಣಗಾನ ಮಾಡಿ, ಅಂಗಡಿಯಲ್ಲಿ ಇದಕ್ಕೆ ಎಷ್ಟು ಬೆಲೆ, ಇವತ್ತು ನಿಮಗೆ ಮಾತ್ರ ಎಷ್ಟಕ್ಕೆ ಎಂದು ಹೇಳಿ, ಕೊಳ್ಳದವರಿಗೂ ದೇವರು ಒಳ್ಳೆಯದು ಮಾಡಲಿ ಎಂದು ಮುಗಿಸುವ ಭಾಷಣ. ಮೊದಲ ಸಲ ಕೇಳಿದಾಗ ಅದೊಂದು ಸದ್ದಿನ ಪ್ರವಾಹ. ಮುಂದಿನ ಊರಿನಲ್ಲಿ ಇನ್ನೊಬ್ಬ ಹತ್ತುತ್ತಾನೆ, ಸರಕು ಬೇರೆ, ಭಾಷಣ ಅದೇ. ಅದರ ಮುಂದಿನ ಊರಿನಲ್ಲಿ ಒಬ್ಬ ಹೆಂಗಸು, ಮಾತಿನಲ್ಲಿ ಪದದ ಕೊನೆಯ ಸಕಾರವೆಲ್ಲ ನುಂಗಿಹೋಗಿದೆ. ವೆನೆಜುವೆಲಾದವಳು ಎಂದು ಅಜ್ಜಿ ಪಿಸುಗುಡುತ್ತಾರೆ. ತಾಯ್ನಾಡಿನಲ್ಲಿ ಬದುಕು ನಡೆಯದೆ ಹೊರಟುಬಂದ ಆ ದೇಶದ ಹತ್ತು ಲಕ್ಷಕ್ಕೂ ಹೆಚ್ಚು ಜನ ಈಗ ಪೆರುವಿನಲ್ಲಿದ್ದಾರೆ. ಸಂಜೆಯ ಹೊತ್ತಿಗೆ ಭಾಷಣದಲ್ಲಿ ಮುಂದೆ ಯಾವ ವಾಕ್ಯ ಬರುತ್ತದೆಂದು ನಿಮಗೆ ಮೊದಲೇ ತಿಳಿಯುತ್ತದೆ. ಬೆಲೆ ಹೇಳಿದಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಅಂಕಿಗಳು ಬಂದುಬಿಟ್ಟಿವೆ.

ಈ ಮಾರಾಟಗಾರರ ಬಗ್ಗೆ ನನಗೆ ಅಪಾರ ಗೌರವ. ಬಿಸಿಲಿನಲ್ಲಿ ನಿಂತು, ಚಲಿಸುವ ಬಸ್ಸಿನಲ್ಲಿ ಆಯ ತಪ್ಪದೆ, ಒಂದೊಂದು ಪದವನ್ನೂ ಕೊನೆಯ ಸೀಟಿಗೆ ಕೇಳುವ ಹಾಗೆ ಬಿಡಿಸಿ ಹೇಳುವವರು ಅವರು. ಮೇಷ್ಟ್ರು ಪಾಠ ಮುಗಿಸಿ ಹೋಗುತ್ತಾರೆ. ಇವರ ಅನ್ನ ನಿಮಗೆ ಅರ್ಥವಾಗುವುದರ ಮೇಲೇ ನಿಂತಿದೆ.

ಚಿಂಬೊತೆ ಬರುವುದು ಮೂಗಿಗೇ ಗೊತ್ತಾಗುತ್ತದೆ. ಆಂಚೊವೆಟಾ ಎಂಬ ಬೆರಳುದ್ದದ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ ಪುಡಿ ಮಾಡುವ ಕಾರ್ಖಾನೆಗಳ ಊರು. ಲೋಕದಲ್ಲಿ ಅತಿ ಹೆಚ್ಚು ಮೀನುಪುಡಿ ಮಾಡುವ ದೇಶ ಪೆರು. ಬಸ್ಸು ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಜ್ಜಿ ಇಳಿಯುವುದು ಮಾತ್ರ ಇಲ್ಲಿಯೇ. ಹೋಗುವಾಗ ನಿಮ್ಮ ಕೆನ್ನೆಗೆ ಕೆನ್ನೆ ತಾಗಿಸಿ ಏನೋ ಹೇಳುತ್ತಾರೆ. ಅದರಲ್ಲಿ 'ದಿಯೋಸ್' ಎಂಬ ಪದ ಇದೆ, ದೇವರು. ಅಷ್ಟು ಸಾಕು.

ಟ್ರುಹಿಯೊದಲ್ಲಿ ಚೀಲ ಇಳಿಸಿ ಮಾರನೆಯ ಬೆಳಿಗ್ಗೆ ಉವಾಂಚಾಕೊ ಕಡೆ ಹೋಗುವ ಸಿಟಿ ಬಸ್ಸು ಹತ್ತುತ್ತೀರಿ. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು "ಸೂಬೆ ಸೂಬೆ ಸೂಬೆ" ಎಂದು ಕೂಗುತ್ತಾನೆ, ಹತ್ತಿ ಹತ್ತಿ ಹತ್ತಿ. ಇಳಿಯುವವರಿಗೆ "ಪಿಯೆ ದೆರೆಚೊ", ಬಲಗಾಲು ಮುಂದಿಡಿ. ದಾರಿಯ ಬದಿಗೆ ಚಾನ್ ಚಾನ್: ಹಸಿ ಇಟ್ಟಿಗೆಯ, ಸುಮಾರು 20 ಚದರ ಕಿಲೋಮೀಟರ್ ಹರಡಿಕೊಂಡ ಚಿಮೂ ರಾಜ್ಯದ ರಾಜಧಾನಿ. 15ನೇ ಶತಮಾನದಲ್ಲಿ ಇಂಕಾಗಳು ಬಂದು ಗೆಲ್ಲುವವರೆಗೆ ಈ ಕರಾವಳಿಯನ್ನು ಆಳಿದವರು ಇವರು. ಯುನೆಸ್ಕೊ 1986ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೂ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಒಟ್ಟೊಟ್ಟಿಗೇ ಸೇರಿಸಿತು. ಮಣ್ಣಿನ ಗೋಡೆಗೆ ಮಳೆಯೇ ಶತ್ರು. ಒಳಗೆ ಹೋಗಿ ಗೋಡೆಯ ಹತ್ತಿರ ನಿಂತರೆ ಉಬ್ಬುಚಿತ್ರದಲ್ಲಿ ಮೀನುಗಳ ಸಾಲು, ನೀರಕ್ಕಿಗಳ ಸಾಲು, ಬಲೆಯ ಕಣ್ಣುಗಳು.

ಉವಾಂಚಾಕೊ ದಂಡೆಯಲ್ಲಿ ದೋಣಿಗಳನ್ನು ನೆಟ್ಟಗೆ ನಿಲ್ಲಿಸಿದ್ದಾರೆ, ಮೂತಿ ಆಕಾಶಕ್ಕೆ. ತೊತೋರಾ ಎಂಬ ಜೊಂಡಿನಿಂದ ಕಟ್ಟಿದ ಇವು ಕಬಯೀತೊ, ಪುಟ್ಟ ಕುದುರೆಗಳು. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಮೊಚೆ ಜನರ ಮಡಕೆಗಳ ಮೇಲೂ ಇಂಥ ದೋಣಿಯ ಚಿತ್ರಗಳಿವೆ. ಬೆಸ್ತರೊಬ್ಬರು ಮರಳಲ್ಲಿ ಕೂತು ಹೊಸದೊಂದನ್ನು ಕಟ್ಟುತ್ತಿದ್ದಾರೆ. ನೀವು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತೀರಿ. ಒಣಗಿದ ಜೊಂಡನ್ನು ಒಟ್ಟು ಹಿಡಿದು, ಹಗ್ಗ ಸುತ್ತಿ, ಕಾಲಿನಿಂದ ಒದ್ದು ಬಿಗಿ ಮಾಡುತ್ತಾರೆ. ಎರಡು ದಪ್ಪ ಕಟ್ಟು, ಅವುಗಳ ಮೇಲೆ ಎರಡು ಸಣ್ಣ ಕಟ್ಟು. ದೊಡ್ಡದನ್ನು ತೋರಿಸಿ "ಮಾದ್ರೆ", ಚಿಕ್ಕದನ್ನು ತೋರಿಸಿ "ಇಹೊ". ತಾಯಿ, ಮಗ. ಹಿಂಭಾಗದಲ್ಲಿ ಬಲೆ, ಮೀನು ಇಡಲು ಗುಂಡಿಯಷ್ಟು ಜಾಗ. ಬಿದಿರನ್ನು ಉದ್ದಕ್ಕೆ ಸೀಳಿದರೆ ಅದೇ ಹುಟ್ಟು.

"ಕ್ವಾಂತೊ ದೂರಾ?" ಎಷ್ಟು ಕಾಲ ಬಾಳುತ್ತದೆ? ಒಂದು ತಿಂಗಳು, ಜೋಪಾನ ಮಾಡಿದರೆ ಸ್ವಲ್ಪ ಹೆಚ್ಚು. "ದೊಂದೆ ಎಸ್ತಾ ಲಾ ತೊತೋರಾ?" ಜೊಂಡು ಎಲ್ಲಿದೆ? ಅವರು ಉತ್ತರಕ್ಕೆ ಕೈ ತೋರಿಸುತ್ತಾರೆ. ಕಡಲಿಗೆ ಹತ್ತಿರದಲ್ಲೇ, ಮರಳು ತೋಡಿ ಒರತೆ ನೀರು ನಿಂತ ಹೊಂಡಗಳಲ್ಲಿ ಬೆಳೆಯುತ್ತಾರಂತೆ. ಕೇಳಿದ್ದಕ್ಕೆ ಉತ್ತರ, ಉತ್ತರದ ಜೊತೆ ಕೈಯ ಸನ್ನೆ, ಸನ್ನೆಯ ತುದಿಯಲ್ಲಿ ವಸ್ತು. ತಿಳಿಯದೆ ಹೋಗುವುದು ಹೇಗೆ?

ಆದರೆ ಅವರ ಪೂರ್ವಜರು ಆಡುತ್ತಿದ್ದುದು ಸ್ಪ್ಯಾನಿಷ್ ಅಲ್ಲ. ಟ್ರುಹಿಯೊ ಸುತ್ತಲಿನ ಕರಾವಳಿಯಲ್ಲಿ ಕಿಂಗ್‌ನಾಮ್ ಎಂಬ ಭಾಷೆಯಿತ್ತು, ಬೆಸ್ತರ ಭಾಷೆ ಎಂದು ಹಳೆಯ ದಾಖಲೆಗಳು ಹೇಳುವ ನುಡಿಯೊಂದಿತ್ತು, ಸ್ವಲ್ಪ ಉತ್ತರಕ್ಕೆ ಮೊಚಿಕಾ ಇತ್ತು. ಒಂದೂ ಉಳಿದಿಲ್ಲ. 2008ರಲ್ಲಿ ಇಲ್ಲಿಗೆ ಹತ್ತಿರದ ಮಗ್ದಲೆನಾ ದೆ ಕಾವೊ ಎಂಬಲ್ಲಿ, ಕುಸಿದ ಹಳೆಯ ಚರ್ಚಿನ ಅವಶೇಷದಡಿ ಪುರಾತತ್ವಜ್ಞರಿಗೆ ಒಂದು ಕಾಗದ ಸಿಕ್ಕಿತು. 17ನೇ ಶತಮಾನದ ಆರಂಭದ್ದು. ಅದರ ಹಿಂಬದಿಯಲ್ಲಿ ಯಾರೋ ಸ್ಪ್ಯಾನಿಷಿನಲ್ಲಿ ಉನೊ, ದೊಸ್, ತ್ರೆಸ್ ಎಂದು ಅಂಕಿಗಳನ್ನು ಬರೆದು, ಪ್ರತಿಯೊಂದರ ಎದುರು ಸ್ಥಳೀಯ ಭಾಷೆಯ ಹೆಸರನ್ನು ಬರೆದಿಟ್ಟಿದ್ದರು. ನಾಲ್ಕು ನೂರು ವರ್ಷಗಳ ಹಿಂದೆ ಇಲ್ಲಿಯೇ ಇನ್ನೊಬ್ಬರು, ನಿಮ್ಮ ಹಾಗೆಯೇ, ಅಂಕಿಗಳಿಂದ ಕಲಿಕೆ ಆರಂಭಿಸಿದ್ದರು. ಆ ಹಾಳೆಯ ಒಂದು ಕಡೆಯ ಭಾಷೆಯನ್ನು ಇವತ್ತು ಕೋಟ್ಯಂತರ ಜನ ಆಡುತ್ತಾರೆ; ಇನ್ನೊಂದು ಕಡೆಯದರಿಂದ ಉಳಿದದ್ದು ಬೆರಳೆಣಿಕೆಯ ಅಂಕಿಗಳು. ಸ್ಪ್ಯಾನಿಷ್ ಕಲಿಯುವ ಸಂತೋಷ ಇದರಿಂದ ಕಡಿಮೆಯಾಗಬೇಕಿಲ್ಲ. ಆದರೆ ಕಲಿಯುವವರು ಈ ಕಾಗದದ ವಿಷಯ ತಿಳಿದಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಚಿಕ್ಲಾಯೊ ಬೇಗ ದಾಟೋಣ. 1987ರಲ್ಲಿ ಪುರಾತತ್ವಜ್ಞ ವಾಲ್ಟರ್ ಆಲ್ವಾ ತಂಡ ಬಂಗಾರ ಸಮೇತ ಅಗೆದು ತೆಗೆದ ಸಿಪಾನ್ ದೊರೆಯ ಸಮಾಧಿ ಈ ಸೀಮೆಯದು. ಅದರ ಮ್ಯೂಸಿಯಂ ಲಂಬಾಯೆಕೆಯಲ್ಲಿದೆ, ನೋಡಲೇಬೇಕು. ಊರಿನ ಬೀದಿಗಳಲ್ಲಿ ಓಡಾಡುವ ಮೊತೊಟ್ಯಾಕ್ಸಿಗಳಲ್ಲಿ ಎಷ್ಟೋ ನಮ್ಮ ಬಜಾಜ್ ಆಟೋಗಳು. ಬಸ್ಸಿಗೆ ಹತ್ತುವವರ ಕೈಯಲ್ಲಿ ಈಗ ಕಿಂಗ್ ಕಾಂಗ್ ಎಂಬ ಮಿಠಾಯಿ, ಬಿಸ್ಕತ್ತಿನ ಪದರಗಳ ನಡುವೆ ಹಾಲನ್ನು ಬತ್ತಿಸಿ ಮಾಡಿದ ಸಿಹಿ. ಭಾಷಣದ ಸರಕು ಬದಲಾಗಿದೆ, ನಿಮಗೆ ಪೂರ್ತಿ ಅರ್ಥವಾಗುತ್ತಿದೆ.

ಆಮೇಲೆ ಸೆಚೂರಾ ಮರುಭೂಮಿ. ಊರಿಲ್ಲ, ಮರವಿಲ್ಲ, ನೇರ ರಸ್ತೆ, ಗಂಟೆಗಟ್ಟಲೆ ಮರಳು. ಈಗ ನಿಮ್ಮ ಪಕ್ಕ ಕೂತವರು ಪೈತಾ ಬಂದರಿನ ಹಿರಿಯರು, ಮೀನುಗಾರಿಕೆ ಬಿಟ್ಟು ಮಾಂಕೊರಾದ ಮಗಳ ಮನೆಗೆ ಹೊರಟವರು. ಅಂಗೈ ತುಂಬ ಹಗ್ಗದ ಗುರುತು. ಅವರು ಹೊರಗೆ ತೋರಿಸಿ ಹೇಳುತ್ತಾರೆ: ಇಲ್ಲೆಲ್ಲ ಕೆರೆ ಇತ್ತು. ಲಗೂನಾ. ನೀವು ಅನುಮಾನದಿಂದ ಮರಳನ್ನು ನೋಡುತ್ತೀರಿ. "ಸೀ, ಸೀ," ಎಂದು ತೊಡೆ ತಟ್ಟುತ್ತಾರೆ. 1998ರಲ್ಲಿ ಬಂತು, 2017ರಲ್ಲಿ ಮತ್ತೆ ಬಂತು. ದೋಣಿ ಬಿಟ್ಟು ಮೀನು ಹಿಡಿದರು, ಈ ಮರುಭೂಮಿಯಲ್ಲಿ.

ಆ ನೀರನ್ನು ತಂದದ್ದು ಎಲ್ ನಿನ್ಯೊ. ಈ ಪದ ನಿಮಗೆ ಹೊಸದಲ್ಲ. ಧಾರವಾಡದಲ್ಲಿ, ಚಿತ್ರದುರ್ಗದಲ್ಲಿ, ಮಂಡ್ಯದಲ್ಲಿ ರೈತರ ಬಾಯಲ್ಲೂ ಇದೆ. ಆದರೆ ಅದು ಹುಟ್ಟಿದ್ದು ಈ ಹಿರಿಯರ ಊರಿನಲ್ಲಿ. ಕ್ರಿಸ್‌ಮಸ್ ಹೊತ್ತಿಗೆ ಉತ್ತರದಿಂದ ಬರುವ ಬೆಚ್ಚನೆಯ ನೀರಿನ ಹರಿವಿಗೆ ಪೈತಾದ ಬೆಸ್ತರು ಬಾಲಯೇಸುವಿನ ಹೆಸರಿಟ್ಟಿದ್ದರು. ಕ್ಯಾಪ್ಟನ್ ಕಮಿಲೊ ಕರಿಯೊ 1892ರಲ್ಲಿ ಲೀಮಾದ ಭೌಗೋಳಿಕ ಸಂಘದಲ್ಲಿ ಅದನ್ನು ತಿಳಿಸಿದರು. ಅತ್ತ, 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್, ಮುಂಗಾರು ಏಕೆ ಕೈಕೊಡುತ್ತದೆಂದು ಹುಡುಕುತ್ತ ಹೋಗಿ ಪೆಸಿಫಿಕ್ ಮೇಲಿನ ವಾಯುಭಾರದ ಏರಿಳಿತವನ್ನು ಗುರುತಿಸಿದರು. ಈ ನೀರು, ಆ ಗಾಳಿ ಎರಡೂ ಒಂದೇ ಘಟನೆಯ ಎರಡು ಮುಖ ಎಂದು 1969ರಲ್ಲಿ ತೋರಿಸಿಕೊಟ್ಟವರು ಹವಾಮಾನ ವಿಜ್ಞಾನಿ ಯಾಕೊಬ್ ಬ್ಯರ್ಕ್ನೆಸ್. ಪೈತಾದ ದಂಡೆಗೂ ನಮ್ಮ ಹೊಲಕ್ಕೂ ನಂಟು ಬಿದ್ದದ್ದು ಹೀಗೆ.

ಪಿಯೂರಾದಲ್ಲಿ ಬಸ್ಸು ಅರ್ಧಗಂಟೆ ನಿಲ್ಲುತ್ತದೆ. 2017ರ ಮಾರ್ಚ್‌ನಲ್ಲಿ ನದಿ ಉಕ್ಕಿ ಈ ನಗರದ ಚೌಕಕ್ಕೇ ನುಗ್ಗಿತ್ತು. ಈಗ ರಣಬಿಸಿಲು. ಬಾಳೆಕಾಯಿ ಚಿಪ್ಸಿನ ಪೊಟ್ಟಣ ಕೊಂಡು ಹಿರಿಯರಿಗೂ ಕೊಡುತ್ತೀರಿ. ಚೀಫ್ಲೆಸ್ ಎನ್ನುತ್ತಾರೆ, ಉಡುಪಿಯ ಕಡೆಯವರು ಬೇಡ ಅನ್ನಲಾರರು. ಊರು ದಾಟಿದ ಮೇಲೆ ಕಿಟಕಿಯಲ್ಲಿ ಮೊದಲ ಬಾರಿಗೆ ಮರಗಳು, ಮುಳ್ಳಿನವು, ಸಣ್ಣೆಲೆಯವು, ಕೆಳಗೆ ಆಡುಗಳು.

ಈಗ ಹಿರಿಯರ ಸರದಿ, ಅವರು ಕೇಳುತ್ತಾರೆ. ನಿಮ್ಮಲ್ಲಿ ನಿನ್ಯೊ ಬಂದರೆ ಏನಾಗುತ್ತದೆ? ತುಂಬ ಮಳೆಯೇ?

ಇದಕ್ಕೆ ಒಂದು ಪದದ ಉತ್ತರ ಸಾಲದು. ನೀವು ಬಾಯಿ ತೆರೆಯುತ್ತೀರಿ, ಕಳೆದ ಕಾಲದ ಕ್ರಿಯಾಪದಗಳು ಬೇಕು, ಒಂದೊಂದಾಗಿ ಬರುತ್ತವೆ. ಇಲ್ಲ, ಮಳೆ ಬರಲಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿ ಬರ. 236 ತಾಲ್ಲೂಕು, 223ರಲ್ಲಿ ಬರ. ನೀರು ಇರಲಿಲ್ಲ. ಅವರು ನಂಬುವುದಿಲ್ಲ. ಅದೇ 2023ರಲ್ಲಿ ಇಲ್ಲಿ ಪ್ರವಾಹ, ಸೇತುವೆ ಹೋಯಿತು, ರಸ್ತೆ ಹೋಯಿತು ಎನ್ನುತ್ತಾರೆ. "ಅಕೀ ಮೂಚಾ ಆಗ್ವಾ, ಅಯ್ಯಾ ನಾದಾ?" ಇಲ್ಲಿ ಅಷ್ಟು ನೀರು, ಅಲ್ಲಿ ಏನೂ ಇಲ್ಲವೇ? ಹಿಂದಿನ ಸೀಟಿನ ಹೆಂಗಸು ಮುಂದಕ್ಕೆ ಬಾಗಿ ಕೇಳುತ್ತಿದ್ದಾರೆ. ಹಾಗಾದರೆ ದನಗಳಿಗೆ? ದನಗಳಿಗೆ ಏನು ಹಾಕಿದಿರಿ?

ಮೇವು ಎನ್ನಲು ಪದ ಬೇಕು. ಕೈಯಿಂದ ಹುಲ್ಲು ಕೊಯ್ದು ತೋರಿಸುತ್ತೀರಿ. "ಪಾಸ್ತೊ," ಎನ್ನುತ್ತಾರೆ ಹೆಂಗಸು. "ನೊ ಆಬಿಯಾ ಪಾಸ್ತೊ," ಮೇವು ಇರಲಿಲ್ಲ, ಎನ್ನುತ್ತೀರಿ ನೀವು.

ಹಿರಿಯರು ಕಿಟಕಿಯ ಹೊರಗಿನ ಮರಗಳ ಕಡೆ ಬೆರಳು ಮಾಡುತ್ತಾರೆ. ಅಲ್ಗರೊಬೊ. ಇಲ್ಲಿ ಬರ ಬಂದರೆ ಆಡುಗಳು ಇದರ ಕಾಯಿ ತಿಂದು ಬದುಕುತ್ತವೆ. ನೀವು ಸರಿಯಾಗಿ ನೋಡುತ್ತೀರಿ: ಆ ಮುಳ್ಳು, ಆ ಗರಿಯಂಥ ಎಲೆ, ಹಳದಿಗೆ ತಿರುಗಿದ ಆ ಕಾಯಿ. ಬಳ್ಳಾರಿ ಜಾಲಿಯ ಒಡಹುಟ್ಟು. ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದು ಕೆರೆಯಂಗಳ, ಗೋಮಾಳ, ಹಳ್ಳದ ದಂಡೆ ಎಲ್ಲವನ್ನೂ ಆಕ್ರಮಿಸಿದ ಮರದ ಹತ್ತಿರದ ಸಂಬಂಧಿ. ಇದರಂಥದ್ದೇ ನಮ್ಮಲ್ಲೂ ಇದೆ ಎನ್ನುತ್ತೀರಿ. ಆದರೆ ಯಾರಿಗೂ ಇಷ್ಟವಿಲ್ಲ, ಕಡಿದು ಸೌದೆ ಮಾಡುತ್ತೇವೆ, ಇದ್ದಿಲು ಸುಡುತ್ತೇವೆ.

"ಕೊಮೊ?" ಏನಂದಿರಿ? ಹಿರಿಯರು ಸೀಟಿನಿಂದ ಅರ್ಧ ಎದ್ದೇ ಬಿಡುತ್ತಾರೆ. ಇದ್ದಿಲೇ? ಕಾಯಿ ಆರಿಸಿ, ತೊಳೆದು, ಕುದಿಸಿ, ಸೋಸಿ, ಆ ರಸವನ್ನು ಕಪ್ಪಗಾಗುವವರೆಗೆ ಬತ್ತಿಸಿದರೆ ಅಲ್ಗರೊಬೀನಾ, ಪಾಕ. ಹಾಲಿಗೆ ಹಾಕಿ ಮಕ್ಕಳಿಗೆ ಕೊಡಬಹುದು. ಹುರಿದು ಪುಡಿ ಮಾಡಿದರೆ ಕಾಫಿ. ಹೂವಿಗೆ ಜೇನು ಬರುತ್ತದೆ. ಹಿಂದಿನ ಸೀಟಿನ ಹೆಂಗಸು ನಡುವೆ ಬಾಯಿ ಹಾಕಿ, ಕುದಿಸುವ ಮುನ್ನ ಕಾಯನ್ನು ಮುರಿಯಬೇಕು ಎನ್ನುತ್ತಾರೆ. ಮುರಿಯಬಾರದು ಎನ್ನುತ್ತಾರೆ ಹಿರಿಯರು. ಎಡಕ್ಕೆ ಕಡಲು ಮತ್ತೆ ಕಾಣಿಸಿಕೊಂಡಿದೆ, ಮಾಂಕೊರಾ ಇಳಿಯುವವರು ಸಿದ್ಧವಾಗಿ ಎಂದು ಕಂಡಕ್ಟರ್ ಕೂಗುತ್ತಿದ್ದಾನೆ, ಜನ ಚೀಲ ಇಳಿಸಿಕೊಳ್ಳುತ್ತಿದ್ದಾರೆ. ಇವರಿಬ್ಬರ ವಾದ ಮುಗಿದಿಲ್ಲ. ಹೆಂಗಸು ನಿಮ್ಮ ತೋಳು ಹಿಡಿದು, ಪುಸ್ತಕ ತೆಗೆ, ನಾನು ಹೇಳುವುದನ್ನು ಬರೆದುಕೋ ಎನ್ನುತ್ತಾರೆ. ಹಿರಿಯರು, ಅವಳದನ್ನಲ್ಲ, ನನ್ನದನ್ನು ಬರೆದುಕೋ ಎನ್ನುತ್ತಾರೆ.